ಕಡತಕ್ಕೆ ಹೋಗದ್ದು

ಮೈಕಿನ ಕೆಂಪು ದೀಪ ಒಂದು ಮೇಜಿನಲ್ಲಿ ಆರಿ ಇನ್ನೊಂದರಲ್ಲಿ ಹತ್ತಿಕೊಳ್ಳುತ್ತದೆ, ಯಾರು ಮಾತಾಡುತ್ತಿದ್ದಾರೆಂದು ತಲೆಯೆತ್ತಬೇಕಿಲ್ಲ, ದೀಪ ನೋಡಿದರೆ ಸಾಕು, ಶೀಘ್ರಲಿಪಿಯವಳಿಗೆ ಮುಖಗಳೇಕೆ, ಸದನದ ನಡುವಿನ ಈ ತಗ್ಗಿನ ಮೇಜಿನಲ್ಲಿ ನನ್ನ ಸರದಿ ಹತ್ತು ನಿಮಿಷ, ಆಡಿದ್ದನ್ನೆಲ್ಲ ಬರೆಯುವುದು, ಆಡದ್ದನ್ನು ಬಿಡುವುದು — ಸೈನಿಕರ ಸ್ಮಾರಕದ ಮಸೂದೆ, ಎರಡನೇ ಕಲಮು, ಯುದ್ಧದಲ್ಲಿ ಮಡಿದವರು ಎಂಬುದನ್ನು ಸೇವೆಯಲ್ಲಿರುವಾಗ ಮಡಿದವರು ಎಂದು ತಿದ್ದಬೇಕೆಂದು ಹಿಂದಿನ ಸಾಲಿನ ಸದಸ್ಯೆ ಕೇಳುತ್ತಿದ್ದಾರೆ, ನನ್ನ ಕೈ ಬರೆಯುತ್ತಲೇ ಇದೆ, ಹದಿನಾರು ವರ್ಷದ ಅಭ್ಯಾಸ, ಆದರೆ ಆ ತಿದ್ದುಪಡಿಯೊಳಗೆ ನನ್ನ ತಮ್ಮ ಇದ್ದಾನೆ, ಸೇನೆಯ ಲಾರಿ ಓಡಿಸುತ್ತಿದ್ದವನು, ನಾಯಿಮರಿ ಅಡ್ಡ ಬಂದರೂ ನಿಲ್ಲಿಸುತ್ತಿದ್ದನೆಂದು ಜೊತೆಯವರು ಬ್ರೇಕು ಅಂತಲೇ ಕರೆಯುತ್ತಿದ್ದರು, ಗುಂಡು ತಗಲಲಿಲ್ಲ ಅವನಿಗೆ, ಬೆಟ್ಟದ ರಸ್ತೆಯೇ ಕುಸಿಯಿತು — ನಿನ್ನೆ ಅಮ್ಮ, ಕಲ್ಲಿನ ಮೇಲೆ ಹೆಸರು ಬರೋಕೆ ಗುಂಡೇ ಬೀಳ್ಬೇಕೇನೇ, ನೀನು ಒಳಗೇ ಇರ್ತೀಯಲ್ಲ, ಒಂದು ಮಾತು ಹೇಳೋಕಾಗಲ್ವಾ, ಅಮ್ಮಾ, ನಾನಲ್ಲಿ ಮಾತಾಡೋಳಲ್ಲ, ಬರೆಯೋಳು, ಸರಿ ಕಣೇ, ಹಾಗಾದ್ರೆ ಬರ್ದುಬಿಡು.

ಅಮ್ಮ ಈಗ ಮೇಲಿನ ಗ್ಯಾಲರಿಯ ಮೊದಲ ಸಾಲಿನಲ್ಲಿ, ಮಡಿದವರ ಮನೆಯವರ ಜೊತೆ ಕೂತಿದ್ದಾಳೆ, ಕೆಮ್ಮಲೂ ಕೂಡದು ಎಂದು ಹೇಳಿ ಬಂದಿದ್ದೇನೆ, ದೀಪ ಮುಂದಿನ ಸಾಲಿಗೆ ಬಂತು, ಹಿರಿಯ ಸದಸ್ಯರು, ಹಿಂಗೆ ಶುರು ಮಾಡಿದ್ರೆ ಅಧ್ಯಕ್ಷರೇ, ಜ್ವರ ಬಂದೋರು, ಜಾರಿ ಬಿದ್ದೋರು ಎಲ್ರೂ ಬರ್ತಾರೆ, ಕಲ್ಲು ಸಾಲಲ್ಲ, ಬೆಟ್ಟಾನೇ ತಂದು ನಿಲ್ಸಿ — ಸದನ ನಕ್ಕಿತು, ಕೈ ತಾನಾಗಿ ಕಂಸ ಹಾಕಿತು, ನಗು ಎಂದು ಬರೆಯಿತು, ಕಂಸ ಮುಚ್ಚಿತು, ಬರೆದವಳು ನಾನೇ, ಅವನ ಅಕ್ಕ. ಮತಕ್ಕೆ ಹಾಕುತ್ತೇನೆ, ಸಭಾಧ್ಯಕ್ಷರ ದನಿ, ತಿದ್ದುಪಡಿಯ ಪರ ಇರುವವರು ಎದ್ದು ನಿಲ್ಲಿ, ಹಿಂದಿನ ಸಾಲಿನಲ್ಲಿ ಎಂಟು ಕುರ್ಚಿ ಸದ್ದು ಮಾಡಿದವು, ಒಂಬತ್ತು, ಅಷ್ಟೇ, ಮುಗಿಯಿತು ಅಂದುಕೊಂಡೆ, ಆಗ ಮೇಲಿನಿಂದ ಸದ್ದು, ಇಡೀ ಗ್ಯಾಲರಿಯ ಕುರ್ಚಿಗಳ ಸದ್ದು, ಅಯ್ಯೋ, ಅವರಿಗೆ ಗೊತ್ತಿಲ್ಲ, ಎದ್ದು ನಿಲ್ಲಲು ತಮಗೂ ಹೇಳಿದರೆಂದು ತಿಳಿದಿದ್ದಾರೆ, ನೋಡಬಾರದು, ನೋಡಿದೆ, ಸರಳುಗಳ ನಡುವೆ ಕಾಲುಗಳು, ಬೂಟು, ಚಪ್ಪಲಿ, ಊರುಗೋಲು, ಒಂದು ಮಗುವಿನ ತೂಗುವ ಪಾದ, ಕೂರಿಸಲು ಬಂದ ಕಾವಲಿನವರ ಕೈ ಗಾಳಿಯಲ್ಲೇ ನಿಂತಿದೆ, ಸಭಾಧ್ಯಕ್ಷರು ಕನ್ನಡಕ ತೆಗೆದರು, ಕೂತ್ಕೊಳ್ಳಿ ಎನ್ನಲಿಲ್ಲ, ಕೆಳಗೆ ಇನ್ನೊಂದು ಕುರ್ಚಿ, ಮತ್ತೊಂದು, ನಡುವಿನ ಸಾಲು ಪೂರ್ತಿ, ಕಾರ್ಯದರ್ಶಿ ಎಣಿಸುತ್ತಾರೆ, ತಪ್ಪುತ್ತಾರೆ, ಮೊದಲಿಂದ ಎಣಿಸುತ್ತಾರೆ, ಎದ್ದವರು ಅಷ್ಟರಲ್ಲಿ ಹೆಚ್ಚಾಗಿರುತ್ತಾರೆ, ಆ ಹಿರಿಯ ಸದಸ್ಯರೊಬ್ಬರೇ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದಾರೆ, ಗ್ಯಾಲರಿಯಲ್ಲಿ ನಡೆದದ್ದು ಕಡತಕ್ಕಿಲ್ಲ, ನಿಯಮ, ಗೊತ್ತು, ಲೇಖನಿ ನಿಂತಿದೆ, ಮೇಲೆ ಆ ಮೊದಲ ಸಾಲಿನ ಕೊನೆಯಲ್ಲಿ ಎರಡು ಬರಿಗಾಲು, ಅಮ್ಮನವು, ಕುಳ್ಳಿ ಅವಳು, ಎಣಿಸುವವರ ಕಣ್ಣಿಗೆ ಬೀಳದೆ ಹೋದೇನೋ ಎಂದು ಬೆರಳ ತುದಿಯಲ್ಲಿ, ಹಿಮ್ಮಡಿ ನೆಲ ಬಿಟ್ಟು — ಒಡೆದ ಹಿಮ್ಮಡಿಗಳು, ನೆಲ ಬಿಟ್ಟು, ಇನ್ನೂ ಮೇಲೇ — ಹಿಮ್ಮಡಿಗಳು —