ಕಡೀಕ ಏನಾತು?

'ಅಟ್ಟದ ಸೊಸೆ' ಧಾರಾವಾಹಿ ಮುಗಿದ ಮರುದಿನ ಬೆಳಿಗ್ಗೆ ಫಕೀರಸಾಬ ಜಗಳಕ್ಕೆ ಒಬ್ಬರನ್ನು ಹುಡುಕುತ್ತಿದ್ದ. ಮುಂಡರಗಿಯಂಥ ಊರಲ್ಲಿ ಜಗಳಕ್ಕೆ ಜನ ಸಿಗಲಿಲ್ಲವೆಂದರೆ ಅದು ಅವನ ಹಣೆಬರಹವೆನ್ನಬೇಕು.

ಮೊದಲು ಸಿಕ್ಕವಳು ಸೊಸೆ ನೂರೀನ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಮಂತ್ರವಾದಿ ಬಂದಾ, ಲಿಂಬಿಕಾಯಿ ಕೊಯ್ದಾ, ಆಕಿ ಹೊಗಿ ಆಗಿ ಹೋದ್ಲು. ಮುಗೀತಂತ! ಮೂರು ವರ್ಷ ನಕ್ಕೊಂತ ನೋಡಿದವರೇನು ಕತ್ತಿಗೋಳೇನು?"

"ಅದು ಇನ್ನೂ ನಡದಿತ್ತೇನ್ರಿ ಅಬ್ಬಾ?" ಎಂದಳು ನೂರೀನ, ರೊಟ್ಟಿ ತಿರುವಿ ಹಾಕುತ್ತ.

ಅವಳಿಗೆ ಮಾವನ ಮೇಲೆ ಸಿಟ್ಟೇನೂ ಇಲ್ಲ. ಕೇಳಿದ್ದು ನಿಜಕ್ಕೂ ಗೊತ್ತಿಲ್ಲದೆಯೇ. ಅದಕ್ಕೇ ಅದು ಹೆಚ್ಚು ನಾಟಿತು. ಮಗ ಅಝೀಮ ಬಸ್‌ಸ್ಟ್ಯಾಂಡಿನ ಬಳಿಯ ತನ್ನ ಫ್ಯಾನ್ಸಿ ಸ್ಟೋರಿಗೆ ಹೊರಟಿದ್ದ. ಅವನನ್ನು ಕೇಳುವುದೇ ಬೇಡ. ಫಕೀರಸಾಬ ಚಹಾದಂಗಡಿಗೆ ಹೋದ. ಅಂಗಡಿಯ ಮುದಕಪ್ಪ ಪೂರ್ತಿ ಕೇಳಿಸಿಕೊಂಡ, ಆಮೇಲೆ ಅಂದ, "ಸಾಬಣ್ಣ, ದೆವ್ವ ಹೋದ್ರ ಚಲೋನ ಆತಲ್ಲ. ಬಾಡಗಿ ಕೊಡತಿತ್ತೇನು ಅದು?" ಕೂತವರೆಲ್ಲ ನಕ್ಕರು.

"ಹೆದರಸೋ ದೆವ್ವ ಬ್ಯಾರೆ, ನಗಸೋ ದೆವ್ವ ಬ್ಯಾರೆ ಲೇ. ನಗಸಿದ್ದನ್ನ ಓಡಸಬಾರದು. ಅದು ಮನಿ ಮಂದಿ ಆಗಿರತೈತಿ," ಎಂದ ಫಕೀರಸಾಬ. ಅಷ್ಟರಲ್ಲಿ ಮಾತು ಮೆಣಸಿನಕಾಯಿ ದರಕ್ಕೆ ಹೊರಳಿತ್ತು.

ಕೊನೆಯ ಕಂತಿನಲ್ಲಿ ಬಳೆಯದೊಂದು ಸಂಗತಿ ಇತ್ತು. ಅದನ್ನಂತೂ ಅವನು ಯಾರ ಮುಂದೂ ಎತ್ತಲಿಲ್ಲ. ಅದನ್ನು ತಿಳಿದವರ ಮುಂದೆಯೇ ಆಡಬೇಕು.

ತಿಳಿದವಳು ಒಬ್ಬಳಿದ್ದಳು, ಶಮಶಾದಬಿ, ಅವನ ಹೆಂಡತಿ. ತಿಳಿದವಳೇನೋ ಹೌದು, ಆದರೆ ಒಂದು ಧಾರಾವಾಹಿಯ ಕೊನೆಯನ್ನೂ ಆಕೆ ಕಣ್ಣಾರೆ ಕಂಡವಳಲ್ಲ. ಕೊನೆಯ ಜಾಹೀರಾತು ಬರುವಷ್ಟರಲ್ಲಿ ಗೋಡೆಗೆ ಒರಗಿ ಗೊರಕೆ ಶುರು. ಬೆಳಿಗ್ಗೆ ಚಹಾದ ಬಟ್ಟಲು ಮುಂದಿಟ್ಟು, "ಕಡೀಕ ಏನಾತ್ರಿ?" ಎಂದು ಕೇಳುತ್ತಿದ್ದಳು. ಇವನು ಅತ್ತೆಯಾಗಿ, ದೆವ್ವವಾಗಿ, ಬಾಗಿಲ ಕಿರ್ರೆನ್ನುವ ಸದ್ದೂ ಆಗಿ ಹೇಳುತ್ತಿದ್ದ. ಕೊನೆ ಸಪ್ಪೆ ಎನಿಸಿದರೆ ತಾನೇ ಒಗ್ಗರಣೆ ಹಾಕುತ್ತಿದ್ದ. ಅವಳು ಹೋಗಿ ಎರಡು ವರ್ಷವಾಯಿತು. ಈಗ ಅವನು ಕಂತು ಮುಗಿಯುವವರೆಗೂ ಒಬ್ಬನೇ ಕೂತು ನೋಡುತ್ತಾನೆ, ಟಿವಿ ಆರಿಸುತ್ತಾನೆ, ಬೆಳಿಗ್ಗೆ ಚಹಾ ಕುಡಿಯುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ಮನೆ ತುಂಬ ಜನ, ಊಟಕ್ಕೆ ಕೊರತೆಯಿಲ್ಲ. ಆದರೂ ಕತೆಯ ಕೊನೆ ಗೊತ್ತಿದ್ದು ಹೇಳಲು ಯಾರೂ ಇಲ್ಲದ ಒಂಟಿತನ ಅವನನ್ನು ಒಳಗೇ ತಿನ್ನುತ್ತಿತ್ತು.

ಚಹಾದಂಗಡಿಯಿಂದ ಮನೆಗೆ ಬಂದವನು ಮೂಲೆಯಲ್ಲಿ ಧೂಳು ಹಿಡಿದಿದ್ದ ಬಳೆ ಮಲಾರದ ಗಂಟನ್ನು ಎತ್ತಿಕೊಂಡ. "ಕೊರ್ಲಹಳ್ಳಿಗೆ ಹೋಗಿ ಬರತೇನಿ," ಎಂದ.

"ಈ ಬಿಸಲಾಗ ಯಾರಿಗೆ ಬಳಿ ಏರಸಾಕ ಹೊಂಟ್ರಿ?" ಎಂದಳು ನೂರೀನ.

ಅವನು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಫಕೀರಸಾಬ ಗಾಜಿನ ಬಳೆಯ ಬಳೆಗಾರ. ಬಿಗಿ ಬಳೆಯನ್ನು ಗೆಣ್ಣು ದಾಟಿಸುವುದು ಬಲದ ಕೆಲಸವಲ್ಲ. ಹೆದರಿದ ಕೈ ಗಟ್ಟಿಯಾಗುತ್ತದೆ, ಕತೆ ಕೇಳುವ ಕೈ ಮೆತ್ತಗಾಗುತ್ತದೆ. ಇದು ಅವನಿಗೆ ಅಪ್ಪ ಕಲಿಸಿದ ವಿದ್ಯೆ. ಅಪ್ಪ ರಾಜರಾಣಿಯರ ಕತೆ ಹೇಳುತ್ತಿದ್ದ, ಮಗ ಧಾರಾವಾಹಿಗೆ ಬಂದ. ಕತೆಯ ಕೊನೆಯನ್ನು ಮಾತ್ರ ಕೊನೆಯ ಬಳೆಗೆ ಉಳಿಸಿಕೊಳ್ಳುತ್ತಿದ್ದ. ಅಪ್ಪ ಕಲಿಸಿದ್ದು ಇನ್ನೂ ಒಂದಿತ್ತು: ಹೆಂಗಸರ ಕೈ ನೋಡಬೇಕು, ಮುಖ ನೋಡಬಾರದು. ಎಷ್ಟೋ ಊರಿನ ಹೆಂಗಸರು ಅವನಿಗೆ ಮುಂಗೈಯಿಂದಲೇ ಗುರುತು.

ಕೊರ್ಲಹಳ್ಳಿಯ ಅಮೃತವ್ವ ಅಂಥ ಒಬ್ಬ ಕೇಳುಗಿ. ಸುಮ್ಮನೆ ಕೇಳುವವಳಲ್ಲ, ಕೈ ಅವನ ಕೈಯಲ್ಲಿಟ್ಟೇ ವಾದಕ್ಕೆ ನಿಲ್ಲುವವಳು. ಶಮಶಾದಬಿ ಸತ್ತ ಮೇಲೆ ಅವನು ತಿರುಗಾಟವನ್ನೇ ಬಿಟ್ಟಿದ್ದರಿಂದ ಅವಳನ್ನು ಕಂಡೂ ಎರಡು ವರ್ಷವಾಗಿತ್ತು.

ಬಸ್ಸಿಳಿದು ಓಣಿ ಹೊಕ್ಕಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊಳೆ ಕಡೆಯಿಂದ ಬೀಸುವ ಗಾಳಿಯೂ ಬಿಸಿಯಾಗಿತ್ತು. ಅಮೃತವ್ವ ಪಡಸಾಲೆಯ ನೆರಳಲ್ಲಿ ಸೆರಗು ಹೊದ್ದು ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಯಾರು, ಫಕೀರಣ್ಣೇನು? ಬದುಕೀಯೇನೋ ಮಾರಾಯಾ! ಬಾ, ಕುಂದರು. ಶಮಶಾದಬಿ ಹೆಂಗದಾಳ?"

ಆ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ಬರುತ್ತಲೇ ಅದನ್ನು ಹೇಳಿದರೆ ಅಳು, ಸಮಾಧಾನ ಎಂದು ಹೊತ್ತು ಹೋಗುತ್ತದೆ, ಕತೆ ಉಳಿದೇಬಿಡುತ್ತದೆ ಎನಿಸಿತು. "ಆಕೀದೇನು," ಎಂದ ಮಲಾರ ಬಿಚ್ಚುತ್ತ, "ನಿದ್ದಿ." "ಅದಿರಲಿ, ಅಟ್ಟದ ಸೊಸಿ ಮುಗೀತು, ನೋಡಿದ್ಯೋ ಇಲ್ಲೋ?"

"ಎಲ್ಲೀದು? ನಮ್ಮ ಟೀವಿ ಹಚ್ಚಿ ಆರು ತಿಂಗಳಾತು."

"ರಿಚಾರ್ಜ್ ಮಾಡಸಿಲ್ಲೇನು ಲಕ್ಕಪ್ಪ? ಖರೆ ಜುಗ್ಗ ನಿನ್ನ ಗಂಡ! ನೋಡು, ಕೈ ಸೈತ ಬೋಳ ಇಟ್ಟಾನ. ತಾ ಇಲ್ಲಿ."

ಅಮೃತವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫಕೀರಸಾಬ ಮಂತ್ರವಾದಿಯನ್ನು ಊರಿಗೆ ಕರೆತಂದಾಗಿತ್ತು. ಮದುವೆಯಾದ ವಾರಕ್ಕೇ ಸತ್ತ ಹುಡುಗಿ ಗಂಡನ ಮನೆಯ ಅಟ್ಟ ಸೇರಿದ್ದು, ಅತ್ತೆಯ ಚಹಾಕ್ಕೆ ಉಪ್ಪು ಹಾಕಿದ್ದು, ಬೀಗರ ತಲೆಯ ಮೇಲೆ ಹಪ್ಪಳ ಸುರಿದದ್ದು ಅಮೃತವ್ವನಿಗೆ ಗೊತ್ತಿತ್ತು. ಗಂಡನಿಗೆ ಅವಳು ಕಾಣುವುದಿಲ್ಲ, ಬಳೆ ಸಪ್ಪಳ ಮಾತ್ರ ಕೇಳಿಸುತ್ತದೆ ಎಂಬುದೂ ಗೊತ್ತಿತ್ತು. ಇವನು ಮುಂದಿನದನ್ನು ಹೇಳಿದ. ಅತ್ತೆ ದೆವ್ವದ ಜೊತೆಗೇ ಸಾಲು ಹಿಡಿದು ರೇಷನ್ ತಂದಳಂತೆ, ದೆವ್ವ ತನ್ನ ಪಾಲಿನ ಅಕ್ಕಿಗೂ ಹೆಬ್ಬೆಟ್ಟು ಒತ್ತಿತಂತೆ. ಅಮೃತವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅವಳ ಎಡಗೈ ಎಂದಿನಂತೆ ಮುಂದೆ ಬಂದು ಅವನ ಅಂಗೈಯಲ್ಲಿ ಕೂತಿತ್ತು. ಅವನ ಬೆರಳು ಎಂದಿನಂತೆ ಅದರ ಗೆಣ್ಣು ಒತ್ತುತ್ತಿದ್ದವು.

"ಆ ಇನ್ನೊಂದು ಧಾರಾವಾಹ್ಯಾಗಿನ ಏಳು ಬಾಗಲದ ರಾಣಿ ಏನಾದಳು?" ಎಂದಳು.

"ಅದನ್ನ ಕೇಳಬ್ಯಾಡ ತಂಗಿ. ಆರು ಬಾಗಲಾ ತಗದ್ಲು, ರಾಕ್ಷಸರ ಕೂಡ ಬಡದಾಡಿದ್ಲು. ಏಳನೇದು ತಗದ್ರ ಹಾಸ್ಟೆಲ್ಲಿನಾಗ ಎಚ್ಚರಾತಂತ. ಎಲ್ಲಾ ಕನಸಂತ! ಊಟಕ್ಕ ಕರದು ಬಾಳಿಎಲಿ ಕಸಗೊಂಡಂಗ."

"ಕನಸಾದ್ರ ಏನಾತು? ಬಡದಾಡಿದ್ದು ಖರೆ ಅಲ್ಲೇನು?"

"ಹೆಂಗ ಖರೆ? ಹಂಗಾದ್ರ ಆ ಸತ್ತ ಕುದರಿ..."

ವಾದ ಹತ್ತಿತು. ಎರಡು ವರ್ಷದಲ್ಲಿ ಫಕೀರಸಾಬ ಇಷ್ಟು ಸುಖವಾಗಿ ಕೂತಿರಲಿಲ್ಲ. ನಾಲ್ಕನೆಯ ಹಸಿರು ಬಳೆ ಗೆಣ್ಣು ದಾಟಿತು. ಇನ್ನು ಬಲಗೈ, ಆಮೇಲೆ ಕತೆಯ ಕೊನೆ.

ಆಗ ಒಳಗಿನಿಂದ ಸೊಸೆ ಮಂಜುಳಾ ನೀರಿನ ತಂಬಿಗೆ ಹಿಡಿದು ಬಂದಳು. ಹೊಸ್ತಿಲಲ್ಲೇ ನಿಂತಳು. "ಅತ್ತೀ..." ಎಂದು ಆ ಹಸಿರು ಬಳೆಗಳನ್ನೇ ನೋಡಿದಳು. ಆಮೇಲೆ ಬಳೆಗಾರನ ಕಡೆ ತಿರುಗಿ, "ಕಾಕಾ, ನಿಮಗ ಖಬರ ಇಲ್ಲೇನ್ರಿ? ನಮ್ಮ ಮಾವಾರು ಸೀಗಿ ಹುಣ್ಣಿವಿ ಮುಂದ ತೀರಕೊಂಡ್ರು."

ಆಗ ಫಕೀರಸಾಬ ಅಮೃತವ್ವನ ಮುಖ ನೋಡಿದ. ಹಣೆಯಲ್ಲಿ ಬರೀ ವಿಭೂತಿ ಇತ್ತು.

ಅವನು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಗಂಡ ಸತ್ತವಳ ಕೈಗೆ ಹಸಿರು ಬಳೆ ಏರಿಸಿದ್ದ. ಬೋಳು ಕೈ ಎಂದು ಹಾಸ್ಯ ಬೇರೆ ಮಾಡಿದ್ದ. ಇಷ್ಟು ವರ್ಷ ಈ ಕೈಗಳನ್ನು ನಂಬಿ ಮನೆಮನೆಗಳು ಪಡಸಾಲೆಗೆ ಕರೆದದ್ದು ಇದಕ್ಕೇ ಏನು ಎನಿಸಿ ನೆಲ ಬಾಯಿಬಿಡಬಾರದೇ ಎಂದುಕೊಂಡ. "ತಪ್ಪಾತು ತಂಗೆವ್ವಾ," ಎಂದ.

"ನಿಂದೊಬ್ಬಂದ ಅಲ್ಲ ಬಿಡು," ಎಂದಳು ಅಮೃತವ್ವ, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ. "ಕಥಿಯೊಳಗ ನಾನೂ ಮರತೆ. ಕೈ ತಾನ ಮುಂದ ಹೋತು."

ಮಂಜುಳಾ ಓಣಿಯ ಕಡೆ ನೋಡಿದಳು. ಕೆಟ್ಟವಳಲ್ಲ, ಹೆದರಿದ್ದಳು. "ಒಡದಬಿಡ್ರಿ ಕಾಕಾ, ಯಾರರ ಬರೂದ್ರೊಳಗ. ನೋಡಿದ್ರ ಮಂದಿ ಬಾಯಿ ಹಿಡಿಯಾಕ ಆಗೂದಿಲ್ಲ."

"ನಾ ಏರಿಸಿದ ಬಳಿ ನಾ ಒಡಿಯೂದಿಲ್ಲವ್ವಾ. ಸಾಬಾಣ ತಾ."

ಸಾಬೂನು ಬಂತು. ಏರಿಸುವುದಕ್ಕಿಂತ ಇಳಿಸುವುದು ಕಷ್ಟ. ಏರುವಾಗ ಸೈರಿಸಿಕೊಂಡ ಗೆಣ್ಣು ಇಳಿಯುವಾಗ ಊದಿಕೊಂಡಿರುತ್ತದೆ. ಅವನು ನೊರೆ ಮಾಡಿ, ಹೆಬ್ಬೆರಳು ಒಳಗೆ ಮಡಿಸಿ, ಮೊದಲ ಬಳೆಯನ್ನು ಮೆಲ್ಲಗೆ ಎಳೆದ. ಅಮೃತವ್ವನ ಕೈ ಕಟ್ಟಿಗೆಯಾಗಿತ್ತು.

"ಸುಮ್ಮ ಯಾಕ ಕುಂತಿ?" ಎಂದಳು ಅವಳು. "ಕೊನಿ ಹೇಳೇ ಇಲ್ಲ ನೀ. ಕಡೀಕ ಏನಾತು?"

ಫಕೀರಸಾಬನ ಬೆರಳು ನಿಂತವು. ಎರಡು ವರ್ಷವಾಗಿತ್ತು ಆ ಮಾತು ಕೇಳಿ.

"ಮಂತ್ರವಾದಿ ಲಿಂಬಿಕಾಯಿ ಕೊಯ್ದಾ," ಎಂದು ಶುರು ಮಾಡಿದ. "ಆಕಿ ಹೋಗಲಿಲ್ಲ. ಬೂದಿ ಒಗದಾ, ಹೋಗಲಿಲ್ಲ. ಬಳಿಯೊಳಗ ಆಕಿ ಜೀವ ಐತಿ ಅಂದಾ. ಆಕೀ ಎರಡೂ ಕೈ ಹಿಡದು ಕಲ್ಲಿಗೆ..."

ಅಮೃತವ್ವನ ಮುಷ್ಟಿ ಬಿಗಿಯಿತು. ಗಾಜು ಗೆಣ್ಣಿಗೆ ಕಚ್ಚಿತು. ಆರು ತಿಂಗಳ ಹಿಂದೆ ಈ ಕೈಯನ್ನೂ ಯಾರೋ ಹಿಡಿದಿರಬೇಕು ಎಂಬುದು ಅವನಿಗೆ ಆಗ ಹೊಳೆಯಿತು. ಅವನು ಬಳೆ ಬಿಟ್ಟ.

"ಅದು ಅವರು ತೋರಿಸಿದ್ದು," ಎಂದ. "ಬಳಿ ಮುಟ್ಟಲಾರದವರು ಬರದದ್ದು. ಖರೆ ಕೊನಿ ಬ್ಯಾರೆ ಐತಿ, ಕೇಳು. ಮಂತ್ರವಾದಿ ಬರತಾನ. ಗಂಡ ಬಾಗಲದಾಗ ನಿಂತು, ನಮ್ಮನ್ಯಾಗ ದೆವ್ವ ಇಲ್ಲ, ಮನಿ ಮಂದಿ ಅಷ್ಟ ಅದೇವಿ ಅಂತ ಹೇಳಿ ತಿರುಗಿ ಕಳಸತಾನ. ಆಮ್ಯಾಲ ಅಟ್ಟದ ಕೆಳಗ ಹಾಸಗೊಂಡು ಮಾತಾಡಕೋಂತ ಮಲಗತಾನ. ಸಂತ್ಯಾಗ ಉಳ್ಳಾಗಡ್ಡಿ ಹೆಂಗ ಮಾರಿತು, ಯಾರ ಮನ್ಯಾಗ ಕೂಸು ಹುಟ್ಟಿತು, ಎಲ್ಲಾ ಹೇಳತಾನ. ಮ್ಯಾಲಿಂದ ಮಾತಿಲ್ಲ, ಬರೇ ಬಳಿ ಸಪ್ಪಳ."

ಮೊದಲ ಬಳೆ ಇಳಿಯಿತು. ಅವನು ನೋಡಲಿಲ್ಲ.

"ಅರ್ಧಾ ಹೇಳೂದ್ರಾಗ ಸಪ್ಪಳಾ ನಿಲ್ಲತೈತಿ. ಆಕಿಗೆ ನಿದ್ದಿ ಹತ್ತಿರತೈತಿ. ಇಂವ ಆದ್ರೂ ಪೂರಾ ಹೇಳತಾನ. ಬೆಳಿಗ್ಗಿ ಎದ್ದು ಚಾ ಕಾಸಿ, ಎರಡು ಬಟ್ಟಲಿಗೆ ಹಾಕಿ, ಅಟ್ಟದ ಕೆಳಗ ಕುಂದರತಾನ. ಆವಾಗ ಆಕಿ ಮ್ಯಾಲಿಂದ ಕೇಳತಾಳ."

"ಏನಂತ?"

"ಈಗ ನೀ ಕೇಳಿದೆಲ್ಲ, ಅದನ್ನ."

ನಾಲ್ಕನೆಯ ಬಳೆಯೂ ಅವನ ಅಂಗೈಗೆ ಬಂದಿತ್ತು. ಯಾವುದೂ ಒಡೆದಿರಲಿಲ್ಲ. ಅಮೃತವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಲೆಯೆತ್ತಿ ಅವನ ಮುಖ ನೋಡಿದಳು.

"ಶಮಶಾದಬಿ ಯಾವಾಗ ಹೋದ್ಲು ಅಣ್ಣಾ?"

"ಎರಡು ವರ್ಷಾತು."

ಮಂಜುಳಾ ತಂಬಿಗೆಯನ್ನು ಅವನ ಪಕ್ಕದಲ್ಲಿಟ್ಟು ಸದ್ದಿಲ್ಲದೆ ಒಳಗೆ ಹೋದಳು. ಅಮೃತವ್ವ ಸೆರಗಿನಿಂದ ಕೈಯ ನೊರೆ ಒರೆಸಿಕೊಂಡಳು, ಅದೇ ಸೆರಗಿನಿಂದ ಕಣ್ಣನ್ನೂ.

"ಕೊನಿ ಚಲೋ ಐತಿ," ಎಂದಳು ಆಮೇಲೆ. "ಗಂಡ ಚಾ ಕಾಸತಾನಂದ್ಯಲ್ಲ, ಅದೊಂದು ಮಾತ್ರ ನಂಬಾಂಗಿಲ್ಲ."

ಫಕೀರಸಾಬನಿಗೆ ನಗು ಬಂತು. ನಗುವಿನ ಹಿಂದೆಯೇ ಬಂದದ್ದನ್ನು ತಡೆಯಲು ಅವನು ಮಲಾರ ಕಟ್ಟುವ ನೆಪ ಮಾಡಿ ಬಗ್ಗಿದ.

"ಸೋಮವಾರದಿಂದ ಹೊಸಾದು ಚಾಲೂ ಆಗತೈತಂತಲ್ಲ, ಅದನ್ನ ನೋಡಿ ಬಾ," ಎಂದಳು ಅವನು ಏಳುವಾಗ. "ಬಳಿ ತರಬ್ಯಾಡ. ಕಥಿ ತಗೊಂಬಾ."

ಸಂಜೆಯ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಒಬ್ಬರ ಕೈಗೆ ಏರಿ ಇಳಿದ ಬಳೆಯನ್ನು ಇನ್ನೊಬ್ಬರಿಗೆ ಏರಿಸುವಂತಿಲ್ಲ, ಆದ್ದರಿಂದ ನಾಲ್ಕನ್ನೂ ಮಲಾರಕ್ಕೆ ಸೇರಿಸದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ರಸ್ತೆ ಹಾಳಾಗಿತ್ತು. ಬಸ್ಸು ಕುಪ್ಪಳಿಸಿದಾಗೆಲ್ಲ ಜೇಬಿನಲ್ಲಿ ಬಳೆಗಳು ಸದ್ದು ಮಾಡುತ್ತಿದ್ದವು. ಫಕೀರಸಾಬ ಕಿಟಕಿಗೆ ತಲೆ ಒರಗಿಸಿ ಮೆಲ್ಲನೆ ಏನೋ ಹೇಳಿಕೊಳ್ಳುತ್ತಿದ್ದ, ಮಂತ್ರವಾದಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಭಾಗ.

ಮುಂದಿನ ಸೀಟಿನ ಹೆಂಗಸು ಬಳೆ ಸದ್ದಿಗೆ, ಹಿಂದೆ ಯಾರೋ ಹೆಣ್ಣುಮಗಳು ಕೂತಿರಬೇಕೆಂದು ತಿರುಗಿ ನೋಡಿದಳು. ಮುದುಕನ ಪಕ್ಕದ ಸೀಟು ಖಾಲಿ ಇತ್ತು.