ಸ್ಪಂಜು ತೊಳೆದ ಕೈ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಿಗ್ಗೆ ಹತ್ತು ಗಂಟೆ ಇರಬೇಕು. ನನ್ನ ತಮ್ಮ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ನಡುಮನೆಯ ಗಾಜಿನ ಮೀನುತೊಟ್ಟಿಯ ಮುಂದೆ ಸುಮ್ಮನೆ ಕೂತಿದ್ದ ನನಗೆ, ನೀರು ಸೋಸುವ ಡಬ್ಬಿಯೊಳಗಿನ ಸ್ಪಂಜು ಕಂದು ಲೋಳೆ ಹಿಡಿದದ್ದು ಕಂಡಿತು. ಸೋಡಾ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೀಸೆ ತೊಳೆದ ಕೈ ನನ್ನದು. ಬೆಳಕಿಗೆ ಹಿಡಿದರೆ ಒಂದು ಮಚ್ಚೆ ಕಾಣಬಾರದು. ಕೈ ಕೇಳಲಿಲ್ಲ. ಬಿಸಿನೀರು ಹುಯ್ದು, ನಲ್ಲಿಯ ಕೆಳಗೆ ಹಿಂಡಿ ಹಿಂಡಿ, ಹೊಸದರಂತೆ ಮಾಡಿ ಅದರ ಜಾಗಕ್ಕೆ ಸೇರಿಸಿದೆ. ಮಾಡಿದ ಕೆಲಸ ಹೇಳಿಕೊಳ್ಳುವ ರೂಢಿ ನನಗಿಲ್ಲ.

ಮೂರನೆಯ ದಿನ ನೀರು ಹಾಲು ಬೆರೆಸಿದಂತಾಯಿತು.

ಆ ತೊಟ್ಟಿ ಎಂದರೆ ತಮ್ಮನಿಗೆ ಜೀವ. ಆದರೆ ಅದರ ಚಾಕರಿಯೆಲ್ಲ ಹೆಂಡತಿಯ ಪಾಲು. ಮದುವೆಯಾಗಿ ಎರಡು ವರ್ಷವಾದರೂ ಅವಳು ಮಾಡಿದ್ದು ಯಾವುದೂ ಅವನಿಗೆ ಸರಿಬಂದಿರಲಿಲ್ಲ. ಈಗ ಕಣ್ಣೆದುರಿಗೇ ಸಾಕ್ಷಿ ಸಿಕ್ಕಿತು. ಮೀನಿಗೆ ಕಾಳು ಜಾಸ್ತಿ ಹಾಕಿದ್ದೀಯ ಎಂದ, ಅರ್ಧಕ್ಕಿಳಿಸಿದಳು. ನೀರು ಬದಲಾಯಿಸು ಎಂದ. ದಿನಾ ಕೊಡದಲ್ಲಿ ಹೊತ್ತು ಬದಲಾಯಿಸಿದಳು. ಸಂಜೆಗೆ ತಿಳಿ, ಬೆಳಿಗ್ಗೆ ಮತ್ತೆ ಬೆಳ್ಳಗೆ. ಎರಡು ಮೀನು ಸತ್ತು ತೇಲಿದವು.

"ನಿನ್ನ ಕೈಗೆ ಸಿಕ್ರೆ ನೀರೂ ಹಳಸತ್ತೆ" ಎಂದು ನಕ್ಕ. ಮನೆಗೆ ಬಂದವರ ಮುಂದೆಯೂ ಅದೇ ಮಾತು. ಇನ್ನೊಂದು ಸತ್ತರೆ ಗಂಟು ಕಟ್ಟಿಕೊಂಡು ತವರಿಗೆ ನಡಿ ಎಂದೂ ಅಂದ. ಅವನದು ಬಾಯಿಮಾತಿಗೆ ಅನ್ನುವ ಸ್ವಭಾವವಲ್ಲ.

ಅವಳು ನನ್ನನ್ನೂ ಕರೆದುಕೊಂಡು ಬಣ್ಣದ ಮೀನಿನ ಅಂಗಡಿಗೆ ಹೋದಳು. ಅಂಗಡಿಯವನು ಎಲ್ಲ ಕೇಳಿಸಿಕೊಂಡ.

"ಸ್ಪಂಜು ನಲ್ಲಿ ನೀರಲ್ಲಿ ತೊಳೆದ್ರಾ? ಆ ಲೋಳೆಲಿರೋ ಜೀವಾಣುನೇ ಕಣಮ್ಮ ನೀರನ್ನ ಕಾಯೋದು. ತೊಳೀಲೇಬೇಕಂದ್ರೆ ತೊಟ್ಟಿ ನೀರಲ್ಲೇ ಅದ್ದಿ ತೆಗೀಬೇಕು. ಈಗ ನೀರು ಬದಲಾಯಿಸ್ದೆ ಕೈ ಕಟ್ಕೊಂಡು ಕೂತ್ಕೊಳಿ, ಲೋಳೆ ಮತ್ತೆ ಕಟ್ಟಿದ್ರೆ ತಾನಾಗೇ ತಿಳಿಯಾಗತ್ತೆ."

ತಾನು ಮುಟ್ಟಿಲ್ಲ ಎಂದಳು. ನಾನು ಗಾಜಿನಾಚೆಯ ಕೆಂಪು ಮೀನುಗಳನ್ನೇ ನೋಡುತ್ತಿದ್ದೆ.

ಮನೆಯಲ್ಲಿ ಅವಳು ಅಷ್ಟನ್ನೂ ಗಂಡನಿಗೆ ಹೇಳಿದಳು.

"ನೀನಲ್ದಿದ್ರೆ ಇನ್ಯಾರು, ಅಕ್ಕನಾ? ಅಕ್ಕ ಆ ತೊಟ್ಟಿ ಮುಟ್ಟೋದೇ ಇಲ್ಲ. ಅಲ್ವೇನಕ್ಕಾ?"

ನಾನು ಬಟ್ಟೆ ಮಡಚುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ನನಗಿದ್ದದ್ದು ಆ ಮನೆಯ ಒಂದು ಕೋಣೆ. ಅದಕ್ಕಿಂತ ಹೆಚ್ಚಾಗಿ, ನಾನು ತೊಳೆದದ್ದು ಕೆಟ್ಟಿತೆಂದು ಇಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದೆ.

ಸುಮ್ಮನೆ ಕೂರುವುದೂ ಒಂದು ಮದ್ದಾ ಎಂದು ತಮ್ಮ ಮತ್ತೆ ಅವಳಿಂದ ನೀರು ಬದಲಿ ಮಾಡಿಸಿದ. ಎರಡು ದಿನಕ್ಕೆ ದೊಡ್ಡ ಮೀನು ಸತ್ತಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಪೆಟ್ಟಿಗೆ ತುಂಬಿದಳು.

ಹೊಸ್ತಿಲ ಬಳಿ ನನ್ನ ಪಕ್ಕ ನಿಂತು, ದನಿ ಏರಿಸದೆ ಅಂದಳು: "ಅತ್ತಿಗೆ, ನೀವು ಸ್ಪಂಜು ಹಿಂಡೋದನ್ನ ಮೆಟ್ಟಿಲ ಮೇಲಿಂದ ನೋಡಿದ್ದೆ. ನಾನು ಹೇಳಿದ್ರೆ ಅವರು ನಂಬ್ತಿರಲಿಲ್ಲ. ನೀವೇ ಹೇಳ್ತೀರಿ ಅಂತ ಕಾದೆ."

ಮೀನಿಗೆ ಚಿಟಿಕೆಗಿಂತ ಜಾಸ್ತಿ ಕಾಳು ಬೇಡ ಎಂದೂ ಹೇಳಿದಳು.

ಮುಟ್ಟುವವರಿಲ್ಲದೆ ಹತ್ತು ದಿನದಲ್ಲಿ ನೀರು ತಿಳಿಯಾಯಿತು. ಈಗ ತೊಟ್ಟಿಯ ಮೂಲಕ ಆಚೆ ಗೋಡೆಯ ಮೊಳೆ ಕೂಡ ಕಾಣುತ್ತದೆ. ನೋಡಿದೆಯಾ ಅಕ್ಕ, ಅವಳು ಹೋದದ್ದೇ ತಡ ಎಂದ ತಮ್ಮ. ನಾನು ಮೀನಿಗೆ ಚಿಟಿಕೆಯಷ್ಟೇ ಕಾಳು ಹಾಕಿದೆ.

ಅವಳು ಹೋದದ್ದು ಬುಧವಾರ, ಮಧ್ಯಾಹ್ನದ ಬಸ್ಸಿಗೆ.