ವಾರಿಜತ್ತೆ ಏಳುವಂತಿಲ್ಲ

ಒಂದು ಕಾಳು ಜಾರಿ ಬೀರುವಿನ ಕೆಳಗೆ ಉರುಳಿತು, ಉರುಳಲಿ, ಬಗ್ಗುವಂತಿಲ್ಲ, ಎಡಗಾಲು ಜೋಮು ಹಿಡಿದು ಯಾರದ್ದೋ ಕಾಲಿನಂತಾಗಿದೆ, ಆದರೂ ವಾರಿಜಾ ಅಲುಗಲಿಲ್ಲ — ಅವಳು ಹೀಗೆ ಕೋಣೆಯ ಬಾಗಿಲಲ್ಲಿ ಚಾಪೆ ಹಾಕಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಾಗಲೇ ಅಲ್ಲವೆ ತಮ್ಮನ ಮಗಳು ಸಂಹಿತಾ ಗೋಲು ಹೊಡೆದು ಒಂದು-ಒಂದು ಸಮ ಮಾಡಿದ್ದು, ಅಕ್ಕಾ ಏಳ್ಬೇಡ, ಹಾಗೇ ಕೂತಿರು ಎಂದು ತಮ್ಮ ತಿರುಮಲೇಶ ಹಜಾರದಿಂದಲೇ ಕೈ ಅಡ್ಡ ಹಿಡಿದಿದ್ದ, ಕ್ರಿಕೆಟ್ಟಿನ ಕಾಲದಿಂದ ಈ ಮನೆಯ ಕಾನೂನು ಅದು, ಒಳ್ಳೆಯದು ನಡೆದಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು, ಒಂದು ಫೈನಲ್ಲಿನ ಕೊನೆಯ ಹತ್ತು ಓವರು ಅಪ್ಪ ಬಚ್ಚಲ ಬಾಗಿಲಲ್ಲಿ ಒದ್ದೆ ಟವೆಲ್ಲು ಸುತ್ತಿಕೊಂಡು ನಿಂತೇ ಇದ್ದರು, ನಮ್ಮವರು ಗೆದ್ದರು, ಅಪ್ಪನಿಗೆ ಆಮೇಲೆ ಒಂದು ವಾರ ನೆಗಡಿ. ಈಗ ಹುಡುಗಿ ಬಟನ್ ಒತ್ತಿ ಆಡುವ ಟಿವಿಯೊಳಗಿನ ಫುಟ್‌ಬಾಲ್ ಗೇಮಿಗೂ ಅದೇ ಕಾನೂನು. ಸೋಫಾದ ಮೇಲೆ ಕೂತು ಆಡುವುದಕ್ಕೆ ಎಂಥ ದೇಶದ ಟೀಮೇ ಎಂದು ಮೊದಮೊದಲು ತಾನೇ ನಕ್ಕಿದ್ದಳು, ಆಮೇಲೆ ಜೆರ್ಸಿ ಬಂತು, ಬೆನ್ನ ಮೇಲೆ ಇಂಡಿಯಾ ಅಂತ, ಅದರ ಕೆಳಗೆ ತಮ್ಮನ ಮಗಳ ಹೆಸರು, ಅದನ್ನು ಮೆಷೀನಿಗೆ ಹಾಕಲು ಮನಸ್ಸು ಬರಲಿಲ್ಲ, ಕೈಯಲ್ಲೇ ಒಗೆದಳು, ಮೂರು ಸಲ, ಕೊಳೆ ಇಲ್ಲದಿದ್ದರೂ.

ಮಗಾ ಇಲ್ಲಿ ಕೊಡು, ಇಲ್ಲಿ, ಇಲ್ಲಿ — ಇದು ಚೈತನ್ಯ, ಸಂಹಿತಾಳ ಜೊತೆ ಆಡುವವನು, ಹುಳಿಮಾವಿನಿಂದ ಬೆಳಿಗ್ಗೆಯೇ ಬಂದು ಆರು ಇಡ್ಲಿ ತಿಂದ, ಒಳ್ಳೆಯ ಹುಡುಗ, ಆಂಟಿ ಚಟ್ನಿ ಸಖತ್ ಅಂದ — ಆ ಕಡೆ ಮಲೇಶಿಯಾದವರು, ಎಲ್ಲೋ ಅವರ ಮನೆಯಲ್ಲಿ ಅವರೂ ಹೀಗೇ ಕೂತಿರುತ್ತಾರೆ, ಅಲ್ಲೂ ಒಬ್ಬಳು ಅತ್ತೆ ಇರುತ್ತಾಳೇನೋ, ಇರಲಿ ಪಾಪ, ಆದರೆ ಇವತ್ತು ಗೆಲ್ಲಬೇಕಾದ್ದು ನಮ್ಮವರು, ಗೆದ್ದರೆ ಇಬ್ಬರೂ ಫೈನಲ್ಸಿಗೆ ವಿಮಾನ ಹತ್ತುತ್ತಾರೆ, ಸೋತರೆ ಮುಗಿಯಿತು, ಉಳಿದಿರುವುದು ಇದೊಂದೇ ಸೀಟು. ಇನ್ನೊಂದು ಇತ್ತು, ಅದು ಕೈತಪ್ಪಿ ಒಂದೇ ಉಳಿಯುವ ಹಾಗೆ ಮಾಡಿದ್ದು ಯಾರು, ತಾನೇ, ದಸರಾ ಮುಗಿದ ಭಾನುವಾರ ಹುಡುಗಿ ಎರಡು ಗೋಲು ಮುಂದಿದ್ದಳು, ನಾಳೆ ಅವಳಿಗೆ ಇಷ್ಟದ ದೋಸೆಯಿರಲಿ ಎಂದು ವಾರಿಜಾ ಗ್ರೈಂಡರ್ ಹಾಕಿದಳು, ಅತ್ತ ಗೀಸರು ಬೇರೆ ಉರಿಯುತ್ತಿತ್ತು, ಟಪ್ ಅಂದಿತು ಫ್ಯೂಸು, ಕೋಣೆಯಲ್ಲಿ ಕತ್ತಲು, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು, ಕನೆಕ್ಷನ್ ಹೋದರೆ ಸೋತ ಲೆಕ್ಕವಂತೆ, ಅದು ಅವರ ಕಾನೂನು. ಬೈದಿದ್ದರೆ ಚೆನ್ನಾಗಿತ್ತು. ಪರ್ವಾಗಿಲ್ಲ ಬಿಡಿ ಅತ್ತೆ ಎಂದು ಮಾರನೆಯ ದಿನ ಅದೇ ಹಿಟ್ಟಿನ ದೋಸೆ ನಾಲ್ಕು ತಿಂದಳು, ತಲೆಯೆತ್ತದೆ, ಆ ನಾಲ್ಕು ದೋಸೆ ಇನ್ನೂ ವಾರಿಜಾಳ ಗಂಟಲಲ್ಲೇ ಇವೆ. ಅದಕ್ಕೇ ಇವತ್ತು ಅಡುಗೆಮನೆಗೆ ಬೀಗ, ಫ್ರಿಜ್ಜು ಕೂಡ ಆಫ್, ತಿರುಮಲೇಶ ಮೀಟರ್ ಬೋರ್ಡಿನ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು, ಬ್ಯಾಂಕಿನ ಕೆಲಸದಲ್ಲಿದ್ದಾಗ ಲಾಕರಿಗೂ ಅವನು ಇಷ್ಟು ಕಾವಲು ಕಾದಿರಲಿಕ್ಕಿಲ್ಲ.

ಸೀಟಿ ಊದಿದರು, ಸಮವೇ ಉಳಿಯಿತು, ಪೆನಾಲ್ಟಿಯಂತೆ. ಐದೈದು. ಬಟನ್ ಜಾಸ್ತಿ ಒತ್ತಿದ್ರೆ ಚೆಂಡು ಮೇಲೆ ಹಾರೋಗತ್ತೆ ಅತ್ತೆ, ಕಮ್ಮಿ ಒತ್ತಿದ್ರೆ ಗೋಲ್‌ಕೀಪರ್ ಹಿಡ್ಕೋತಾನೆ, ನೀವು ಕಾಳು ಹಿತಕ್ತೀರಲ್ಲ ಹಾಗೆ ಎಂದಿದ್ದಳು ಒಮ್ಮೆ, ಎಲ್ಲ ಇರುವುದು ಹೆಬ್ಬೆರಳಲ್ಲಿ, ಬಲಗೈ ಹೆಬ್ಬೆರಳಲ್ಲಿ, ಈಗ ಆಡಿ ಆಡಿ ಜಡ್ಡುಗಟ್ಟಿದೆ, ಆಗ ಚೀಪಿ ಚೀಪಿ ಬೆಳ್ಳಗೆ ನೆನೆದಿರುತ್ತಿತ್ತು — ಆಗ ಅವಳಿಗೆ ನಾಲ್ಕು ವರ್ಷ, ಅವಳಮ್ಮ ತೀರಿಕೊಂಡ ವರ್ಷ, ವೈಕುಂಠ ಸಮಾರಾಧನೆಯ ದಿನ ಬಾಯಿಗೆ ಹೋದ ಬೆರಳು ಆಚೆ ಬರಲೇ ಇಲ್ಲ, ಹಲ್ಲು ಉಬ್ಬತ್ತೆ ಕಣೇ ವಾರಿಜಾ, ಬೇವಿನೆಣ್ಣೆ ಹಚ್ಚು ಎಂದರು ಪಕ್ಕದ ಮನೆಯ ಪಾರ್ವತಮ್ಮ, ಹಚ್ಚಿದಳು, ಪಾಪಿ ಕೈ, ಮಗು ಅಳಲಿಲ್ಲ, ಮುಖ ಕಿವುಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕಹಿಯ ಸಮೇತ ಅದೇ ಬೆರಳನ್ನು ಚೀಪಿತು, ಬಿಡಲಿಲ್ಲ, ಬೇರೇನಿತ್ತು ಅದಕ್ಕೆ ಚೀಪಲು. ವಾರಿಜಾ ಅದನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿ ಸೋಪು ಹಾಕಿ ತೊಳೆದಳು, ಕಹಿ ಹೋಯಿತೋ ಇಲ್ಲವೋ ಎಂದು ಆ ಪುಟ್ಟ ಹೆಬ್ಬೆರಳನ್ನು ತನ್ನ ಬಾಯಲ್ಲೇ ಇಟ್ಟುಕೊಂಡು ನೋಡಿದಳು, ಹೋಗಿರಲಿಲ್ಲ, ಮತ್ತೆ ತೊಳೆದಳು, ಮತ್ತೆ ಬಾಯಲ್ಲಿಟ್ಟಳು —

ನಾಲ್ಕು-ನಾಲ್ಕು. ಮಲೇಶಿಯಾದವರ ಐದನೆಯದು ಕಂಬಕ್ಕೆ ಬಡಿಯಿತು, ಇನ್ನು ಇವಳದೊಂದೇ, ಹೊಡೆದರೆ ಆಯಿತು, ತಿರುಮಲೇಶ ಕಣ್ಣು ಮುಚ್ಚಿ ಗೋಡೆ ಹಿಡಿದಿದ್ದಾನೆ, ಚೈತನ್ಯ ಆರಾಮಾಗಿ ಮಗಾ, ಆರಾಮಾಗಿ ಎನ್ನುತ್ತ ತಾನೇ ಸೋಫಾದ ತುದಿಗೆ ಬಂದಿದ್ದಾನೆ, ಹುಡುಗಿ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿದಳು, ಮತ್ತೆ ಒರೆಸಿದಳು, ಆಮೇಲೆ — ಯಾರೂ ನೋಡಲಿಲ್ಲ, ವಾರಿಜಾ ನೋಡಿದಳು — ಅದು ತನ್ನಷ್ಟಕ್ಕೆ ತಾನೇ ಬಾಯಿಗೆ ಹೋಯಿತು, ಒಂದು ಗಳಿಗೆ, ಇಪ್ಪತ್ತೆರಡು ವರ್ಷದ ಹುಡುಗಿ, ದೇಶದ ಜೆರ್ಸಿ, ಬಾಯಲ್ಲಿ ಬೆರಳು, ಚೀಪಿಕೋ ಕಂದಾ, ಯಾರೂ ಏನೂ ಹಚ್ಚುವುದಿಲ್ಲ, ಚೀಪಿಕೋ. ಒತ್ತಿದಳು. ಬಲೆ ಅಲುಗಿತು. ಗುರೂ ಹೋಗ್ತಿದೀವಿ ಗುರೂ ಎಂದು ಚೈತನ್ಯ ಸೋಫಾ ಹಾರಿದ, ತಿರುಮಲೇಶ ಕಾವಲು ಬಿಟ್ಟು ಓಡಿ ಬಂದು ಕಾಳಿನ ಪಾತ್ರೆ ಒದ್ದ, ಕೋಣೆಯ ತುಂಬ ಕಾಳು, ವಾರಿಜಾ ಮಾತ್ರ ಕೂತೇ ಇದ್ದಾಳೆ, ಏಳೋಣವೆಂದರೆ ಕಾಲೇ ಇಲ್ಲ, ಅತ್ತೆ, ಈಗ ಏಳ್ಬೋದು, ಗೆದ್ವಿ, ಕೈ ಕೊಡಿ ಎಂದು ಅವಳು ಅಳುತ್ತ ನಗುತ್ತ ಬಗ್ಗಿ ಕೈ ಚಾಚಿದ್ದಾಳೆ, ವಾರಿಜಾ ಕೈ ಹಿಡಿಯಲು ಹೋಗಿ ಬೆರಳು ಹಿಡಿದಳು, ಇನ್ನೂ ಒದ್ದೆ, ಬೆಚ್ಚಗೆ, ಸಣ್ಣದು, ನಲ್ಲಿಯ ನೀರು ಸುರಿಯುತ್ತಿದೆ, ಸೋಪಿನ ನೊರೆ, ಬಾಯಲ್ಲಿ ಆ ಪುಟ್ಟ ಹೆಬ್ಬೆರಳು — ಕಹಿಯಿಲ್ಲ.